ದೊಡ್ಡವ್ವನ ಮನೆ, ಮೂರನೇ ಪುಟದ ಒಂದು ಸಾಲು ಮತ್ತು ಹತ್ತು ತಿಂಗಳು

ಹೋದ ವಾರ ಗ್ರಾಮ ಪಂಚಾಯಿತಿಯಿಂದ ಮನೆಯ ಹೊಸ ಉತಾರ, ಅಂದರೆ ಆಸ್ತಿಯ ದಾಖಲೆ, ಕೈಗೆ ಬಂತು. ಮಾಲೀಕರ ಹೆಸರಿನ ಜಾಗದಲ್ಲಿ ಮತ್ತೆ ನಮ್ಮ ದೊಡ್ಡವ್ವನ ಹೆಸರಿದೆ. ಆಕೆಗೆ ಓದಲು ಬರುವುದಿಲ್ಲ. ಆ ಸಾಲು ಎಲ್ಲಿದೆ ಅಂತ ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು.

ನೋಡಿಕೊಳ್ಳದ ಮಗನಿಗೆ ಬರೆದುಕೊಟ್ಟಿದ್ದ ಮನೆಯನ್ನು ವಾಪಸ್ ಪಡೆದು ಇಲ್ಲಿಗೆ ಬರಲು ನಮಗೆ ಹತ್ತು ತಿಂಗಳು ಹಿಡಿಯಿತು. ಶುರುವಿನಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಪರಿಸ್ಥಿತಿ ಇದ್ದರೆ ನಮ್ಮಷ್ಟು ಅಲೆಯಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಬೆಳಗಾವಿ ಜಿಲ್ಲೆ. ಊರಿನ ಹೆಸರು, ಮನೆಯವರ ಹೆಸರು ಬೇಡ. ಯಾಕೆಂದರೆ ಎದುರಿಗೆ ನಿಂತವನು ದೊಡ್ಡವ್ವನ ಸ್ವಂತ ಮಗ. ನಾನು ಅವನನ್ನು ಅಣ್ಣ ಅಂತಲೇ ಕರೆಯುತ್ತೇನೆ, ಈಗಲೂ. ಸಣ್ಣವಳಿದ್ದಾಗ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದವನು ಅವನು.

2025ರ ಫೆಬ್ರುವರಿಯಲ್ಲಿ ಒಂದು ದಿನ ಸಂಜೆ ನಾನು ಶಾಲೆಯಿಂದ ಬಂದಾಗ ದೊಡ್ಡವ್ವ ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದಳು. ಜೊತೆಗೆ ಒಂದು ಕೌದಿ, ಒಂದು ಸ್ಟೀಲ್ ಡಬ್ಬಿ. ಬಸ್ಸಿಗೆ ಹೆಂಗಸರಿಗೆ ದುಡ್ಡಿಲ್ಲವಲ್ಲ, ಅದರಿಂದಾಗಿ ಬಂದುಬಿಟ್ಟಿದ್ದಳು. ಏನಾಯಿತು ಅಂತ ಕೇಳಿದರೆ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಸ್ನಾನ ಮಾಡಿಸುವಾಗ ಮೊಳಕೈ ಹತ್ತಿರ ಕಂದಿದ ಗುರುತು ಕಂಡಿತು. ಆಮೇಲೆ ಒಂದೊಂದಾಗಿ ಹೇಳಿದಳು.

ದೊಡ್ಡಪ್ಪ ತೀರಿಕೊಂಡ ಮೇಲೆ 2021ರಲ್ಲಿ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದಳು. ಎರಡು ಎಕರೆ ಹತ್ತು ಗುಂಟೆ ಕಬ್ಬಿನ ಹೊಲ ಅದಕ್ಕೂ ಮೊದಲೇ ವರ್ದಿ (ಹೆಸರು ಬದಲಿಸುವ ಅರ್ಜಿ) ಕೊಟ್ಟು ಅವನ ಹೆಸರಿಗೆ ಆಗಿತ್ತು. ಮನೆ ಹೋದ ಮೇಲೆ ಆಕೆಯ ಜಾಗ ದನದ ಕೊಟ್ಟಿಗೆ ಪಕ್ಕದ ಖೋಲಿಗೆ ಬಂತು. ಆ ಖೋಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಹೊಲಕ್ಕೆ ಹೋಗುವಾಗ "ಎಲ್ಲಿಗರೆ ಹೋಗಿ ಬೀಳ್ತಿ" ಅಂತ ಹೊರಗಿನಿಂದ ಹಾಕಿ ಹೋಗುತ್ತಿದ್ದರು. ಆಕೆಗೆ ಗೃಹಲಕ್ಷ್ಮಿ ದುಡ್ಡು ಬಂದರೆ ರಾತ್ರಿಯೇ ಬಾಗಿಲು ತಳ್ಳಿ ಒಳಗೆ ಬಂದು, ಬೆಳಗ್ಗೆ ಹೆಬ್ಬೆಟ್ಟು ಒತ್ತಲು ಬರಬೇಕು ಅಂತ ಗದರಿಸಿ ಹೋಗುವುದು. ಊರಲ್ಲಿ ಹೆಬ್ಬೆರಳಿಟ್ಟರೆ ದುಡ್ಡು ತೆಗೆದುಕೊಡುವ ಅಂಗಡಿ ಇದೆ. ಎರಡು ಸಾವಿರ ಅಲ್ಲೇ ಮಗನ ಕೈಗೆ. ಒಂದು ಸಲ ಬರಲ್ಲ ಅಂದದ್ದಕ್ಕೆ ಮೊಳಕೈ ಹಿಡಿದು ಎಳೆದಿದ್ದರು.

ನಾವು ಮೊದಲು ಪೊಲೀಸ್ ಠಾಣೆಗೆ ಹೋದೆವು. ಯಾವ ಠಾಣೆ ಅಂತ ಬರೆಯಲ್ಲ. ಎರಡು ತಾಸು ಬೆಂಚಿನ ಮೇಲೆ ಕೂರಿಸಿ, "ತಾಯಿ ಮಗನ ಜಗಳ, ಹಿರಿಯರನ್ನ ಕೂಡಿಸಿ ಬಗೆಹರಿಸ್ಕೊಳ್ರಿ" ಅಂತ ಕಳಿಸಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ, ಆದರೆ ದೊಡ್ಡವ್ವ "ನಡಿಯವಾ, ಮನಿ ಮರ್ಯಾದಿ" ಅಂತ ಕೈ ಎಳೆದಳು. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ದೂರು ಬರೆದುಕೊಟ್ಟು ಸ್ವೀಕೃತಿ ರಸೀದಿ ಇಸಿದುಕೊಂಡೆ. ಆ ಚೀಟಿ ಮುಂದೆ ಬಹಳ ಉಪಯೋಗಕ್ಕೆ ಬಂತು. ನೀವು ಹೋದಾಗ ರಸೀದಿ ಇಲ್ಲದೆ ಎದ್ದು ಬರಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೈ ತೋರಿಸಿ ಚೀಟಿ ಮಾಡಿಸಿದ್ದೂ ಒಳ್ಳೆಯದಾಯಿತು.

ಹಿರಿಯರ ಸಹಾಯವಾಣಿ 14567 ಅಂತ ಇದೆ. ಅಲ್ಲಿಗೆ ಫೋನ್ ಮಾಡಿದಾಗ ಮೊದಲ ಸಲ ಯಾರೋ ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳೇ ಅದರ ನ್ಯಾಯಮಂಡಳಿ, ಕೋರ್ಟಿಗೆ ಹೋಗಬೇಕಿಲ್ಲ ಅಂತ ಅವರಿಂದಲೇ ಗೊತ್ತಾಯಿತು. ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ ಅಂತ ಮೂರು ಉಪವಿಭಾಗ. ತಂದೆ ತಾಯಿ ಈಗ ಎಲ್ಲಿದ್ದಾರೋ ಅಲ್ಲಿ ಅರ್ಜಿ ಹಾಕಬಹುದು, ಮೊದಲು ಇದ್ದ ಊರಲ್ಲೂ ಹಾಕಬಹುದು, ಮಕ್ಕಳು ಇರುವಲ್ಲೂ ಹಾಕಬಹುದು. ನಾವು ನಮ್ಮ ಮನೆಗೆ ಹತ್ತಿರದ್ದನ್ನೇ ಹಿಡಿದೆವು. ವಯಸ್ಸಾದವರನ್ನು ಬಸ್ಸಿನಲ್ಲಿ ಪ್ರತಿ ತಾರೀಖಿಗೆ ಕರೆದೊಯ್ಯುವುದು ಎಷ್ಟು ಕಷ್ಟ ಅಂತ ಆಮೇಲೆ ತಿಳಿಯಿತು.

ಅರ್ಜಿ ಬರೆಸಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಇದು ಕೋರ್ಟ್ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಇಲ್ಲಿ ಕಾನೂನು ನೆರವು ಉಚಿತ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಸುಮ್ನೆ ಹೊರಗೆ ಟೈಪಿಂಗ್ ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಡುತ್ತಾರೆ. ಅಲ್ಲಿದ್ದ ವಕೀಲೆ ಮೊದಲು ಕೇಳಿದ್ದು, "ದಾನಪತ್ರ ಎಲ್ಲೈತ್ರಿ? ಅದರಾಗ ಏನ್ ಬರೆದಾರ?"

ನಮ್ಮ ಹತ್ತಿರ ದಾನಪತ್ರವೇ ಇರಲಿಲ್ಲ. ಮೂಲ ಪ್ರತಿ ಅಣ್ಣನ ಟ್ರಂಕಿನಲ್ಲಿತ್ತು. ಉಪನೋಂದಣಿ ಕಚೇರಿಯಲ್ಲಿ ಪಂಚಾಯಿತಿ ಆಸ್ತಿ ನಂಬರ್ ಕೊಟ್ಟು ಋಣಭಾರ ಪತ್ರ (ಇಸಿ) ತೆಗೆಸಿ, ಅದರಲ್ಲಿದ್ದ ದಸ್ತಾವೇಜಿನ ನಂಬರ್ ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಹಾಕಿದೆವು. ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ ಸಾಹೇಬರು ಇಲ್ಲ. ಹೀಗೆ ಹನ್ನೊಂದು ದಿನ.

ನಕಲು ಕೈಗೆ ಬಂದ ದಿನ ವಕೀಲೆ ಅಲ್ಲೇ ನಿಂತು ಓದಿದರು. ಮೊದಲ ಎರಡು ಪುಟದಲ್ಲಿ "ಪ್ರೀತಿ ವಿಶ್ವಾಸದಿಂದ" ಅನ್ನೋದು ಬಿಟ್ಟರೆ ಏನೂ ಇರಲಿಲ್ಲ. ಅವರ ಮುಖ ಸಣ್ಣಗಾಯಿತು. ಕಾಯ್ದೆಯ 23ನೇ ಕಲಂ ಪ್ರಕಾರ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತೆಗೆದುಕೊಂಡವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇರಬೇಕು. ಬರೀ ಪ್ರೀತಿಯಿಂದ ಕೊಟ್ಟೆ ಅಂದರೆ ಸಾಲದು ಅಂತ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಆಮೇಲೆ ಅವರು ಮೂರನೇ ಪುಟ ತಿರುವಿದರು. ಚಕ್ಕುಬಂದಿ ಬರೆದ ಮೇಲೆ, ಸಹಿಗಿಂತ ಸ್ವಲ್ಪ ಮುಂಚೆ, ಒಂದೇ ಸಾಲು: ದಾನ ಪಡೆದವರು ದಾನ ಕೊಟ್ಟವರನ್ನು ಅವರ ಜೀವಮಾನದವರೆಗೆ ಅನ್ನ, ಬಟ್ಟೆ, ಔಷಧೋಪಚಾರ ಕೊಟ್ಟು ಜೋಪಾನ ಮಾಡತಕ್ಕದ್ದು. ಅದರ ಕೆಳಗೆ ದೊಡ್ಡವ್ವನ ಹೆಬ್ಬೆಟ್ಟಿನ ಗುರುತು.

ಆ ಸಾಲನ್ನು ಯಾರು ಬರೆದರೋ ಗೊತ್ತಿಲ್ಲ. ಪತ್ರ ಬರೆಯುವವರು ರೂಢಿಯಂತೆ ಸೇರಿಸಿದ್ದಿರಬೇಕು. ದೊಡ್ಡವ್ವನಿಗೆ ಅದು ಇದೆ ಅಂತಲೂ ತಿಳಿದಿರಲಿಲ್ಲ. "ಓದಿ ಹೇಳಲಿಲ್ಲೇನು?" ಅಂದರೆ, "ಒತ್ತು ಅಂದ್ರು, ಒತ್ತಿದ್ನಿ" ಅಂದಳು. ದಯವಿಟ್ಟು ಕೇಳಿ: ನಿಮ್ಮ ಮನೆಯ ಹಿರಿಯರು ಮಕ್ಕಳಿಗೆ ಏನಾದರೂ ಬರೆದುಕೊಡುತ್ತಿದ್ದರೆ ಆ ಒಂದು ಸಾಲು ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಬರೆಸಿ. ಮಕ್ಕಳು ಒಳ್ಳೆಯವರೇ ಇದ್ದರೆ ಅದರಿಂದ ಅವರಿಗೆ ಯಾವ ತೊಂದರೆಯೂ ಇಲ್ಲ.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂದಿದೆ, ಮಧ್ಯಪ್ರದೇಶದ ಒಬ್ಬ ತಾಯಿ ಮಗನ ಪ್ರಕರಣ. ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲ ಆಗುವ ಹಾಗೆ ಓದಬೇಕು, ಮನೆಯನ್ನು ಬಿಡಿಸಿ ಸ್ವಾಧೀನ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ ಅಂತ ಅದರಲ್ಲಿದೆ. ವಕೀಲೆ ಇದರ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿದರು.

ಏಪ್ರಿಲ್ ಎರಡನೇ ವಾರ ಅರ್ಜಿ ಸಿದ್ಧವಾಯಿತು. ನನ್ನ ಹೆಸರಿಗೆ ಒಂದು ಅಧಿಕಾರ ಪತ್ರವನ್ನೂ ಮಾಡಿಸಿದೆವು. ಹಿರಿಯರಿಗೆ ತಾವೇ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರು ಅರ್ಜಿ ಹಾಕಲು ಅವಕಾಶ ಇದೆ. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ದೊಡ್ಡವ್ವ ಕೈ ಹಿಂದೆ ತೆಗೆದುಕೊಂಡಳು. ಶಾಯಿ ಹತ್ತಿದ ಬೆರಳನ್ನು ನೋಡುತ್ತಾ, "ಮನಿ ಕೊಟ್ಟಿದ್ದು ಇದ ಬಟ್ಟಲೇ, ರೊಕ್ಕ ಕೊಟ್ಟಿದ್ದು ಇದ ಬಟ್ಟಲೇ. ಈಗ ಮಗನ ಮ್ಯಾಲೂ ಇದ್ನ ಒತ್ತಬೇಕೇನು?" ಅಂದಳು. ಯಾರೂ ಒತ್ತಾಯ ಮಾಡಲಿಲ್ಲ. ಅರ್ಧ ಗಂಟೆ ಕೂತೆವು. ಆಮೇಲೆ ತಾನೇ ಎದ್ದು ಬಂದು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆ ನೀಲಿ ಕಲೆ ಆ ಸೀರೆಯಲ್ಲಿ ಈಗಲೂ ಇದೆ.

ನಮಗೆ ಅರ್ಜಿ ಶುಲ್ಕ ಅಂತ ಏನೂ ಕೇಳಲಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಪ್ರತಿಯ ಮೇಲೆ ಸೀಲು, ನಂಬರ್ ಹಾಕಿಸಿಕೊಂಡೆ. ಎರಡು ವಾರ ಬಿಟ್ಟು ಹೋದರೆ ಗುಮಾಸ್ತರು ಅರ್ಜಿಯನ್ನು ವಾಪಸ್ ಚಾಚಿದರು. ಆಧಾರ್‌ನಲ್ಲಿ ದೊಡ್ಡವ್ವ ಹುಟ್ಟಿದ್ದು 01-01-1969. ಅಂದರೆ 56 ವರ್ಷ. ಹಿರಿಯ ನಾಗರಿಕರು ಅನಿಸಿಕೊಳ್ಳಲು 60 ಆಗಬೇಕು.

ನಿಜವಾಗಿ ಆಕೆಗೆ ಎಪ್ಪತ್ತು ದಾಟಿದೆ. ಆಧಾರ್ ಮಾಡಿಸುವಾಗ ಯಾರೋ ಅಂದಾಜಿಗೆ ಹಾಕಿದ ತಾರೀಖು ಅದು. ನಮ್ಮ ಹಳ್ಳಿಗಳಲ್ಲಿ ಅರ್ಧ ಊರು ಜನವರಿ ಒಂದಕ್ಕೇ ಹುಟ್ಟಿದೆ ಅಲ್ವಾ. ವಕೀಲೆ ಇದನ್ನು ಹೀಗೆ ಬಿಡಿಸಿ ಹೇಳಿದರು: ಜೀವನಾಂಶ ಕೇಳಲು ತಾಯಿ ಅಂದರೆ ಸಾಕು, ವಯಸ್ಸು ಬೇಕಿಲ್ಲ. ಆದರೆ ದಾನಪತ್ರ ರದ್ದು ಮಾಡುವ 23ನೇ ಕಲಂ ಹಿರಿಯ ನಾಗರಿಕರಿಗೆ ಮಾತ್ರ. ಹಾಗಾಗಿ ವಯಸ್ಸು ತೋರಿಸಲೇಬೇಕಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸಿನ ಪ್ರಮಾಣಪತ್ರಕ್ಕೆ ಮೂರು ಸಲ ಹೋದೆವು. ಹಳೆಯ ಮತದಾರರ ಗುರುತಿನ ಚೀಟಿ ಹುಡುಕಿದೆವು. ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ನಮ್ಮ ಅಕ್ಕನ, ಅಂದರೆ ದೊಡ್ಡವ್ವನ ಮಗಳ, ಶಾಲೆಯ ದಾಖಲಾತಿ. ಅವಳು ಹುಟ್ಟಿದ್ದು 1975. ತಾಯಿ 1969ರಲ್ಲಿ ಹುಟ್ಟಿರಲು ಸಾಧ್ಯವೇ ಇಲ್ಲ. ಇದೊಂದರಲ್ಲೇ ಒಂದು ತಿಂಗಳು ಹೋಯಿತು. ಅರ್ಜಿ ಹಾಕುವ ಮೊದಲೇ ಆಧಾರ್ ತೆಗೆದು ಹುಟ್ಟಿದ ವರ್ಷ ನೋಡಿಕೊಳ್ಳಿ.

ಈ ನಡುವೆ ಇನ್ನೊಂದು ಕೆಲಸ ಮಾಡಿದೆ. ಮೊಬೈಲಿನಲ್ಲಿ ದೊಡ್ಡವ್ವನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ಲಾಕ್ ಇದ್ದರೆ ಬೆರಳು ಒತ್ತಿಸಿ ಯಾರೂ ದುಡ್ಡು ತೆಗೆಯಲು ಆಗಲ್ಲ. ನಮಗೆ ಬೇಕಾದಾಗ ತೆರೆಯಬಹುದು. ಅದಕ್ಕೆ ಆಧಾರ್‌ಗೆ ನಮ್ಮ ಕೈಯಲ್ಲಿರುವ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಆಕೆಯದಕ್ಕೆ ಮಗನ ನಂಬರ್ ಇತ್ತು, ಮೊದಲು ಅದನ್ನು ಬದಲಿಸಿದೆವು.

ಕಾಯ್ದೆಯಲ್ಲಿ 90 ದಿನದೊಳಗೆ ಜೀವನಾಂಶದ ಅರ್ಜಿ ಮುಗಿಸಬೇಕು ಅಂತಿದೆ, ಬೇಕಾದರೆ ಒಂದು ಸಲ 30 ದಿನ ಮುಂದೂಡಬಹುದು. ಆ ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ ಅಲ್ಲ, ಎದುರಿನವರಿಗೆ ನೋಟಿಸ್ ಮುಟ್ಟಿದ ದಿನದಿಂದ. ನಮ್ಮ ನೋಟಿಸ್ ಎರಡು ಸಲ ವಾಪಸ್ ಬಂತು. ಮನೆಯಲ್ಲಿ ಇದ್ದೂ ಇಲ್ಲ ಅನ್ನಿಸಿದರು. ನಾನು ಕಚೇರಿಗೆ ಹೋಗಿ ಕೇಳಿ ಕೇಳಿ, ಕೊನೆಗೆ ಗ್ರಾಮ ಆಡಳಿತಾಧಿಕಾರಿ ಬಾಗಿಲಿಗೆ ಅಂಟಿಸಿ ಪಂಚನಾಮೆ ಮಾಡಿ ಬಂದರು. ಆಗ ಜೂನ್ ಅರ್ಧ ಮುಗಿದಿತ್ತು. ನೋಟಿಸ್ ಏನಾಯಿತು ಅಂತ ವಾರಕ್ಕೊಮ್ಮೆ ಕೇಳುತ್ತಿರಿ. ಕೇಳದಿದ್ದರೆ ಫೈಲು ಅಲ್ಲೇ ಮಲಗಿರುತ್ತದೆ.

ನೋಟಿಸ್ ಅಂಟಿಸಿದ ದಿನ ಊರೆಲ್ಲಾ ಗೊತ್ತಾಯಿತು. ನಮ್ಮ ಅವ್ವನಿಗೇ ಫೋನ್ ಮೇಲೆ ಫೋನ್. "ಹಡೆದ ಮಗನ ಮ್ಯಾಲೆ ಕೇಸ್ ಹಾಕಿಸ್ಯಾಳ ನಿನ್ನ ಮಗಳು." ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ದೊಡ್ಡವ್ವನ ಕೈಯನ್ನೊಮ್ಮೆ ನೋಡು, ಆಮೇಲೆ ಸಿಟ್ಟು ಮಾಡು ಅಂತ ಹೇಳಿದೆ.

ವಿಚಾರಣೆಗೆ ಮೊದಲು ಸಂಧಾನಕ್ಕೆ ಕಳಿಸಿದರು. ಒಂದು ಸಣ್ಣ ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಬ್ಬ ನಿವೃತ್ತ ಮೇಷ್ಟ್ರು ಸಂಧಾನಾಧಿಕಾರಿ. ಅಣ್ಣ ವಕೀಲರನ್ನು ಕರೆದುಕೊಂಡು ಬಂದಿದ್ದ. ಈ ಕಾಯ್ದೆಯ 17ನೇ ಕಲಂನಲ್ಲಿ ಯಾರ ಪರವಾಗಿಯೂ ವಕೀಲರು ಹಾಜರಾಗುವಂತಿಲ್ಲ ಅಂತಿದೆ. ಅವರನ್ನು ಹೊರಗೆ ಕೂರಿಸಿದರು. ನಾಲ್ಕು ತಿಂಗಳ ಮೇಲೆ ತಾಯಿ ಮಗ ಎದುರಾ ಬದುರಾ. ಅಣ್ಣ ನೆಲ ನೋಡುತ್ತಿದ್ದ.

ಮೇಷ್ಟ್ರು ಕೇಳಿದರು, "ಏನು ಬೇಕು ಹೇಳ್ರೀ ಅವ್ವಾ, ಮನಿ ಬೇಕೋ, ರೊಕ್ಕ ಬೇಕೋ?" ನಾವು ಮನೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೆವು. ಆಕೆ ಅದ್ಯಾವುದನ್ನೂ ಹೇಳಲಿಲ್ಲ.

"ಅಂವಗ ಶಿಕ್ಷಾ ಕೊಡಬ್ಯಾಡ್ರಿ ಸಾಹೇಬ್ರ. ನನ್ನ ಖೋಲಿಗೆ ಒಳಗಿಂದ ಹಾಕ್ಕೊಳ್ಳಾಕ ಒಂದ ಚಿಲಕಾ ಕೊಡಸ್ರಿ. ರಾತ್ರಿ ಬಾಗಲಾ ತಳ್ಳಿದ್ರ ನನ್ನ ಎದಿ ಡವಡವ ಅಂತೈತ್ರಿ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ನಾನು ಅಷ್ಟು ದಿನ ಮನೆ, ದಾನಪತ್ರ, ಕಲಂ ಅಂತ ಓಡಾಡಿದ್ದೆ. ಆಕೆಗೆ ಏನು ಬೇಕು ಅಂತ ಒಂದು ಸಲವೂ ಕೇಳಿರಲಿಲ್ಲ. ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ. ಅರ್ಜಿ ಬರೆಯುವ ಮೊದಲು ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸಿ.

ಸಂಧಾನ ಆಗಲಿಲ್ಲ. ಅಣ್ಣ "ಬರಲಿ, ಇರಲಿ, ಯಾರು ಬ್ಯಾಡ ಅಂದಾರ" ಅಂತ ಬಾಯಲ್ಲಿ ಹೇಳಿದ, ಬರೆದುಕೊಡು ಅಂದರೆ ಒಪ್ಪಲಿಲ್ಲ. ವರದಿ ವಾಪಸ್ ಹೋಯಿತು, ವಿಚಾರಣೆ ಶುರುವಾಯಿತು.

ಮುಂದಿನ ಮೂರು ತಾರೀಖುಗಳನ್ನು ನೆನೆಸಿಕೊಂಡರೆ ಈಗಲೂ ಕಾಲು ನೋಯುತ್ತವೆ. ಬೆಳಗ್ಗೆ ಹನ್ನೊಂದಕ್ಕೆ ಬನ್ನಿ ಅನ್ನುತ್ತಾರೆ. ಸಾಹೇಬರಿಗೆ ಮೀಟಿಂಗ್, ಪ್ರವಾಸ. ಒಂದು ದಿನ ಸಂಜೆ ನಾಲ್ಕೂವರೆಗೆ ಕರೆದು ಮುಂದಿನ ತಾರೀಖು ಕೊಟ್ಟರು. ಮೊದಲ ಮಹಡಿಗೆ ಮೆಟ್ಟಿಲು ಹತ್ತಬೇಕು, ದೊಡ್ಡವ್ವನಿಗೆ ಮೊಳಕಾಲು ನೋವು. ಹಿರಿಯರಿಗಾಗಿ ಮಾಡಿದ ನ್ಯಾಯಮಂಡಳಿ ಮೆಟ್ಟಿಲ ಮೇಲೆ ಇರುವುದು ನ್ಯಾಯ ಅಲ್ಲ. ಎರಡನೇ ಸಲ ನಾನು ಬರೆದುಕೊಟ್ಟೆ, ಕೆಳಗೇ ಹೇಳಿಕೆ ತೆಗೆದುಕೊಳ್ಳಿ ಅಂತ. ಒಪ್ಪಿ ಕೆಳಗೆ ಬಂದರು. ಕೇಳಿದರೆ ಆಗುತ್ತದೆ, ಕೇಳಿ. ಬುತ್ತಿ, ನೀರು, ಬಿಪಿ ಮಾತ್ರೆ ಜೊತೆಗೇ ಇರಲಿ.

ಅಣ್ಣ ಎರಡು ವಾದ ಹೂಡಿದ. ಒಂದು, ಅಕ್ಕನಿಗೂ ಜವಾಬ್ದಾರಿ ಇದೆ, ಅವಳನ್ನೂ ಸೇರಿಸಿ ಅಂದ. ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ, ಮಗಳೂ ಮಕ್ಕಳ ಲೆಕ್ಕದಲ್ಲೇ ಬರುತ್ತಾಳೆ. ಅಕ್ಕ ಇರುವುದು ಇಳಕಲ್ ಕಡೆ, ಭಾವ ನೇಕಾರಿಕೆ ಮಾಡುತ್ತಾರೆ. ಪಾಪ, ಅವಳಿಗೂ ನೋಟಿಸ್ ಹೋಯಿತು. ಬಂದು ತಾಯಿಯ ಕೈ ಹಿಡಿದು ಅತ್ತಳು. ಅವಳ ಆದಾಯ ನೋಡಿ, ಆಸ್ತಿಯೂ ಸಿಕ್ಕಿಲ್ಲ ಅಂತ ಅವಳ ಮೇಲೆ ಏನೂ ಹೊರಿಸಲಿಲ್ಲ. ಎರಡು, ನನಗೆ ಆದಾಯವೇ ಇಲ್ಲ ಅಂದ. ನಾವು ಹೊಲದ ಉತಾರ ತೆಗೆಸಿಟ್ಟಿದ್ದೆವು. ಬೆಳೆ ಕಾಲಂನಲ್ಲಿ ಕಬ್ಬು ಅಂತ ಸ್ಪಷ್ಟವಾಗಿತ್ತು. ಸಾಹೇಬರು ಕಬ್ಬಿನ ಬಿಲ್ಲು ಜಮಾ ಆಗುವ ಪಾಸ್‌ಬುಕ್ ತರಿಸಿದರು. ದಾಖಲೆ ತರಿಸುವ ವಿಷಯದಲ್ಲಿ ನ್ಯಾಯಮಂಡಳಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಕ್ಟೋಬರಿನಲ್ಲಿ ಆದೇಶ ಬಂತು. ಮನೆಯ ದಾನಪತ್ರ ರದ್ದು. ತಿಂಗಳಿಗೆ 5,000 ರೂಪಾಯಿ ಜೀವನಾಂಶ, ದೊಡ್ಡವ್ವನ ಖಾತೆಗೆ. ಕಾಯ್ದೆಯಲ್ಲಿ ಇದರ ಗರಿಷ್ಠ ಮಿತಿ 10,000. ಹೊಲದ ವಿಷಯ ಮಾತ್ರ ಸಿಗಲಿಲ್ಲ, ಅದಕ್ಕೆ ಷರತ್ತಿನ ಪತ್ರ ಯಾವುದೂ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂದರು. ನನಗೆ ಬೇಜಾರಾಯಿತು. ದೊಡ್ಡವ್ವನಿಗೆ ಆಗಲಿಲ್ಲ. ಆದೇಶ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗಳ ಹತ್ತಿರ ಮೇಲ್ಮನವಿ ಹಾಕಬಹುದು. ಆಕೆ ಬೇಡ ಅಂದಳು.

ಮಗನ ಸಂಸಾರವನ್ನು ಹೊರಗೆ ಹಾಕಿಸುವುದೂ ಬೇಡ ಅಂದಳು. ಮುಂದಿನ ಎರಡು ಖೋಲಿ ಅವರಿಗೆ, ನಡುಮನೆ ಮತ್ತು ಅಡುಗೆ ಮನೆ ತನಗೆ. ನಾನು ಬಹಳ ಜಗಳ ಮಾಡಿದೆ. ಮತ್ತೆ ಅದೇ ಮನೆಗೆ ಹೇಗೆ ಬಿಡಲಿ? ಕೊನೆಗೆ ಅದನ್ನು ಬರವಣಿಗೆಯಲ್ಲಿ ತಂದು, ಒಂದು ಪ್ರತಿ ಪೊಲೀಸ್ ಠಾಣೆಗೂ ಕೊಟ್ಟು ಸೀಲು ಹಾಕಿಸಿಕೊಂಡ ಮೇಲೆ ಒಪ್ಪಿದೆ. ಈಗ ವಾರಕ್ಕೊಮ್ಮೆ ಹೋಗಿ ಬರುತ್ತೇನೆ.

ಆದೇಶದ ಪ್ರತಿ ಹಿಡಿದು ಉಪನೋಂದಣಿ ಕಚೇರಿಯಲ್ಲಿ ನಮೂದು ಮಾಡಿಸಲು, ಆಮೇಲೆ ಪಂಚಾಯಿತಿಯಲ್ಲಿ ಉತಾರ ಬದಲಿಸಲು ಮತ್ತೆ ಎರಡು ತಿಂಗಳು. ಆದೇಶ ಬಂತು ಅಂತ ಮನೆಯಲ್ಲಿ ಕೂತರೆ ಹೆಸರು ತಾನಾಗಿ ಬದಲಾಗುವುದಿಲ್ಲ. ಖರ್ಚು ಒಟ್ಟು 9,000ದ ಹತ್ತಿರ ಬಂತು. ನಕಲು, ಝೆರಾಕ್ಸ್, ಆಟೋ, ಊಟ ಇಷ್ಟೇ. ಅದಕ್ಕಿಂತ ಜಾಸ್ತಿ ಹೋದದ್ದು ನನ್ನ ಸಂಬಳ. ಖಾಸಗಿ ಶಾಲೆ, ಹದಿನೇಳು ದಿನ ರಜೆ ಹಾಕಿದೆ, ಹದಿನೇಳೂ ದಿನ ಕಟ್.

ಜೀವನಾಂಶ ಮೊದಲ ತಿಂಗಳು ಬಂತು, ಎರಡನೇ ತಿಂಗಳು ಬರಲಿಲ್ಲ. ತಕ್ಷಣ ಅರ್ಜಿ ಕೊಟ್ಟೆ. ಬಾಕಿ ಬಿದ್ದ ದಿನದಿಂದ ಮೂರು ತಿಂಗಳೊಳಗೆ ಕೇಳಿದರೆ ಮಾತ್ರ ವಸೂಲಿ ವಾರಂಟ್ ಕೊಡುತ್ತಾರೆ, ಇದನ್ನು ಮರೆಯಬೇಡಿ. ಪಾಪ, ಇನ್ನೊಂದು ತಿಂಗಳು ನೋಡೋಣ ಅಂತ ಕಾಯುತ್ತಾ ಹೋದರೆ ಆ ದುಡ್ಡು ಹೋದಂತೆಯೇ. ಅರ್ಜಿ ಕೊಟ್ಟ ಹತ್ತನೇ ದಿನಕ್ಕೆ ದುಡ್ಡು ಬಂತು.

ದೊಡ್ಡವ್ವನನ್ನು ಬಿಡಲು ಹೋದ ದಿನ ಬಡಿಗೇರ ಅಣ್ಣನನ್ನು ಕರೆದುಕೊಂಡೇ ಹೋಗಿದ್ದೆ. ನಡುಮನೆ ಬಾಗಿಲಿಗೆ ಒಳಗಡೆ ದಪ್ಪ ಕಬ್ಬಿಣದ ಚಿಲಕ, 180 ರೂಪಾಯಿ. ಬಡಿಗೇರ ಅಣ್ಣ ಕೂಲಿ ಬೇಡ ಅಂದರು. ಎಲ್ಲರೂ ಹೊರಗೆ ಬಂದ ಮೇಲೆ ದೊಡ್ಡವ್ವ ಒಳಗೆ ಹೋಗಿ ಬಾಗಿಲು ಹಾಕಿದಳು. ಚಿಲಕ ಬಿದ್ದ ಸದ್ದು ಕೇಳಿಸಿತು. ತೆಗೆದಳು, ಮತ್ತೆ ಹಾಕಿದಳು. ಒಳಗಿನಿಂದಲೇ, "ತಳ್ಳಿ ನೋಡವಾ" ಅಂದಳು. ತಳ್ಳಿದೆ. ತೆರೆಯಲಿಲ್ಲ.